ಹುಲ್ಲು ನೋಡುವವರಿಗೆ ಪಗಾರ ಯಾಕೆ?

ಬೋನಾಳದ ಕೆರೆಗೆ ಚಳಿಗಾಲದಲ್ಲಿ ಹಕ್ಕಿ ನೋಡುವವರು ಬರುತ್ತಾರೆ. ಪಟ್ಟೆತಲೆ ಹೆಬ್ಬಾತು, ಕೆನ್ನೀಲಿ ಬಕ, ಕೆಂಬರಲು ಎಂದು ಅವರು ಬೊಟ್ಟು ಮಾಡಿದ ಕಡೆ ಊರಿನವರೂ ನೋಡುತ್ತಾರೆ, ಚಹಾ ಕೊಟ್ಟು ಕಳಿಸುತ್ತಾರೆ. ಅದೇ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಹುಲ್ಲಿನ ತೆನೆ ಬಿಡಿಸಿ ನೋಡುವ ಹುಡುಗಿ ಕಂಡರೆ ಮಾತ್ರ ‘ಏನ್ ಕಳಕೊಂಡೀಯವ್ವಾ?’ ಎಂದು ಕೇಳುತ್ತಾರೆ. ಹಕ್ಕಿ ನೋಡುವುದು ಹವ್ಯಾಸ, ಹುಲ್ಲು ನೋಡುವುದು ಹುಚ್ಚು. ಹೆಬ್ಬಾತು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದು ಇಲ್ಲಿ ಮೇಯುವುದು ಹುಲ್ಲು, ಕಾಳನ್ನೇ ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಸುರಪುರ, ಶಹಾಪುರ, ಯಾದಗಿರಿ ಸೀಮೆಯ ಬೆಳೆ ಮತ್ತು ಗಿಡಗಳ ಮೇಲೆ ಇಲ್ಲೇ ಇದ್ದು ಕೆಲಸ ಮಾಡುವ ಹತ್ತು ಮಂದಿ ಯುವ ಸಸ್ಯವಿಜ್ಞಾನಿಗಳಿಗೆ ಐದು ವರ್ಷ ಪಗಾರ ಮತ್ತು ಕೆಲಸದ ಖರ್ಚು ಕೊಡಬೇಕು, ಹಣ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯದಾಗಲಿ ಎಂದು ಈಚೆಗೆ ನಾನು ಬರೆದಿದ್ದೆ, ಸಭೆಗಳಲ್ಲೂ ಹೇಳಿದ್ದೆ. ಯುವ ಎಂದರೆ ವಯಸ್ಸಿನ ಮಾತಲ್ಲ. ಪಿಎಚ್.ಡಿ. ಮುಗಿದಿದೆ, ಕಾಯಂ ನೌಕರಿ ಇನ್ನೂ ಸಿಕ್ಕಿಲ್ಲ ಎಂಬ ನಡುಗಾಲದಲ್ಲಿ ಸಿಕ್ಕಿಬಿದ್ದವರು. ಇದಕ್ಕೆ ಬಂದ ಆಕ್ಷೇಪಗಳು ಸಾಕಷ್ಟು. ಕೆಲವು ಚಹಾದಂಗಡಿಯವು, ಕೆಲವು ಬಹಳ ಓದಿದವರವು. ಎತ್ತಿದವರ ಹೆಸರು ಇಲ್ಲಿ ಬೇಡ. ಆಕ್ಷೇಪಗಳಿಗೆ ಮಾತ್ರ ಉತ್ತರ ಕೊಡುತ್ತೇನೆ.

‘ಮೊದಲ ನೀರು ಕೊಡ್ರಿ, ರಸ್ತೆ ಮಾಡ್ರಿ, ದವಾಖಾನಿಗೆ ಡಾಕ್ಟರ್ ಕಳಸ್ರಿ. ಹುಲ್ಲ ನೋಡ್ಲಾಕ ಪಗಾರ ಯಾಕ್ರಿ?’

ನ್ಯಾಯವಾದ ಸಿಟ್ಟು. ನಂಜುಂಡಪ್ಪ ಸಮಿತಿ 2002ರಲ್ಲಿ ತಾಲ್ಲೂಕುಗಳ ಹಿಂದುಳಿದಿರುವಿಕೆಯನ್ನು ಅಳೆದು ಬರೆದಾಗಲೂ ನಾವು ತಳದಲ್ಲಿದ್ದೆವು, ಸಂವಿಧಾನದ 371(ಜೆ) ವಿಧಿ ಬಂದ ಮೇಲೂ ಬಹಳ ಮೇಲೆ ಬಂದಿಲ್ಲ. ಆದರೆ ಲೆಕ್ಕ ಹಾಕಿ ನೋಡೋಣ. ಡಾಕ್ಟರೇಟ್ ಆದ ಸಂಶೋಧಕರಿಗೆ ಕೇಂದ್ರ ಸರ್ಕಾರ 2023ರ ಜನವರಿಯಿಂದ ನಿಗದಿ ಮಾಡಿರುವ ಮೊದಲ ಹಂತದ ಮೊತ್ತ ತಿಂಗಳಿಗೆ 58,000 ರೂಪಾಯಿ. ಹತ್ತು ಮಂದಿಗೆ ವರ್ಷಕ್ಕೆ 69 ಲಕ್ಷ 60 ಸಾವಿರ. ತಲೆಗೆ 3 ಲಕ್ಷ ಓಡಾಟ, ಪರೀಕ್ಷೆ, ಕೂಲಿಯ ಖರ್ಚು ಸೇರಿಸಿ. ಒಟ್ಟು ಒಂದು ಕೋಟಿಯ ಆಸುಪಾಸು. ಈಚಿನ ಬಜೆಟ್‌ಗಳಲ್ಲಿ ಮಂಡಳಿಗೆ ಘೋಷಿಸುತ್ತಿರುವುದು ವರ್ಷಕ್ಕೆ 5,000 ಕೋಟಿ. ಅಂದರೆ ನಾನು ಕೇಳಿದ್ದು ಐದು ಸಾವಿರ ರೂಪಾಯಿಯಲ್ಲಿ ಒಂದು ರೂಪಾಯಿ. ಆ ಒಂದು ರೂಪಾಯಿ ಉಳಿಸಿದರೆ ದವಾಖಾನೆಗೆ ಡಾಕ್ಟರು ಬರುತ್ತಾರೆ ಎನ್ನುವುದಾದರೆ ನಾನು ಈಗಲೇ ಸುಮ್ಮನಾಗುತ್ತೇನೆ.

ಇನ್ನೊಂದು ಲೆಕ್ಕವೂ ಇದೆ. 2022ರ ಹಂಗಾಮಿನಲ್ಲಿ ನಮ್ಮ ಭಾಗದ ತೊಗರಿಗೆ ನೆಟೆ ರೋಗ ಬಡಿದದ್ದು ಯಾರೂ ಮರೆತಿರಲಿಕ್ಕಿಲ್ಲ. ಮಳೆ ಹೆಚ್ಚಾಗಿ ಬೇರು ಸೋತಿತ್ತು, ಆಮೇಲೆ ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿತು. ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಿತು. ಆ ದರದಲ್ಲಿ ಬರೀ ಒಂದು ಸಾವಿರ ಹೆಕ್ಟೇರಿಗೆ ಕೊಟ್ಟ ಪರಿಹಾರವೇ ಒಂದು ಕೋಟಿ. ಕಲಬುರಗಿ ಜಿಲ್ಲೆಯೊಂದರಲ್ಲೇ ತೊಗರಿ ಐದು ಲಕ್ಷ ಹೆಕ್ಟೇರಿಗೂ ಹೆಚ್ಚು. ಗಿಡ ಸತ್ತ ಮೇಲೆ ಕೊಡಲು ಹಣ ಹುಟ್ಟುತ್ತದೆ, ಸಾಯುವ ಮೊದಲು ಬೇರು ಕಿತ್ತು ನೋಡುವವನಿಗೆ ಕೊಡಲು ಹುಟ್ಟುವುದಿಲ್ಲ. ಪರಿಹಾರ ಬೇಡ ಎಂದು ನಾನು ಹೇಳುತ್ತಿಲ್ಲ. ರೈತ ಅದನ್ನು ಜಗಳವಾಡಿಯೇ ಪಡೆದದ್ದು. ಆದರೆ ಮುಂದಿನ ಸಲದ ನೆಟೆಗೆ ನಮ್ಮ ತಯಾರಿ ಏನು ಎಂದು ಕೇಳಿದರೆ ಪರಿಹಾರದ ಅರ್ಜಿ ನಮೂನೆ ಬಿಟ್ಟು ಬೇರೇನೂ ಕೈಗೆ ಬರುವುದಿಲ್ಲ.

ಬಡವರಿಗೆ ಯಾಕೆ ಈ ಉಸಾಬರಿ ಎನ್ನುವವರು ಹಳೇ ಮೈಸೂರಿನ ಒಂದು ನೇಮಕಾತಿಯನ್ನು ನೋಡಬೇಕು. 1908ರಲ್ಲಿ, ಪ್ಲೇಗಿನ ಏಟು ಇನ್ನೂ ಮಾಯದ ಸಂಸ್ಥಾನ, ಕೆನಡಾದಲ್ಲಿ ಹುಟ್ಟಿ ಜರ್ಮನಿಯಲ್ಲಿ ಡಾಕ್ಟರೇಟ್ ಮಾಡಿದ ಲೆಸ್ಲಿ ಕೋಲ್ಮನ್ ಎಂಬ ತರುಣನನ್ನು ಶಿಲೀಂಧ್ರ ಮತ್ತು ಕೀಟ ಶಾಸ್ತ್ರಜ್ಞನೆಂದು ಕರೆಸಿಕೊಂಡಿತು. ಆತ ಹುಟ್ಟಿದ್ದು 1878ರಲ್ಲಿ. ವಯಸ್ಸು ಮೂವತ್ತರ ಹತ್ತಿರ. ಆಗ ಮಲೆನಾಡಿನ ತೋಟಗಳಲ್ಲಿ ಅಡಿಕೆ ಕೊಳೆರೋಗಕ್ಕೆ ಇದ್ದ ಉಪಾಯವೆಂದರೆ ಮರ ಹತ್ತಿ ಗೊನೆಗೆ ಕೊಟ್ಟೆ ಕಟ್ಟುವುದು. ಕೋಲ್ಮನ್ ತೋಟಗಳಲ್ಲಿ ಓಡಾಡಿ, ರೋಗಾಣುವನ್ನು ಗುರುತಿಸಿ, 1910ಕ್ಕೆಲ್ಲ ಅದರ ಮೇಲೆ ವರದಿ ಬರೆದ. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವನ್ನು ಮುಂಗಾರಿನ ಮಳೆ ತಡೆದು ನಿಲ್ಲುವಂತೆ ಹದ ಮಾಡಿ ಗೊನೆಗೆ ಹೊಡೆಸಿದ. ನೂರು ವರ್ಷ ದಾಟಿದರೂ ಶಿರಸಿ, ತೀರ್ಥಹಳ್ಳಿಯ ಬೆಳೆಗಾರ ಮಳೆಗಾಲದ ಮೊದಲು ಹೊಡೆಯುವುದು ಆ ದ್ರಾವಣವನ್ನೇ. ಮುಂದೆ ಆತ ಕೃಷಿ ಇಲಾಖೆಯ ನಿರ್ದೇಶಕನಾದ, ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆಗೆ ಜಾಗ ಮಾಡಿದ. ಅವೆಲ್ಲ ಆಮೇಲಿನ ಮಾತು. ಮೈಸೂರು ಮೊದಲು ಮಾಡಿದ ಕೆಲಸ ಇಷ್ಟೇ: ಮೂವತ್ತರ ಒಬ್ಬ ಹುಡುಗನಿಗೆ ಪಗಾರ, ಸೂಕ್ಷ್ಮದರ್ಶಕ, ಕೆಲವು ವರ್ಷ ಕೊಟ್ಟಿತು. ಸಂಸ್ಥಾನ ಅಷ್ಟು ಹೊತ್ತಿಗೆ ಎಲ್ಲ ಊರಿಗೂ ರಸ್ತೆ ಮಾಡಿಸಿ ಮುಗಿಸಿತ್ತೇನು?

‘ರಾಯಚೂರು ಯೂನಿವರ್ಸಿಟಿ ಐತಿ, ಭೀಮರಾಯನಗುಡಿ ಕಾಲೇಜ ಐತಿ, ಕವಡಿಮಟ್ಟಿ ಕೆವಿಕೆ ಐತಿ. ಪಟಾಂಚೆರು ಅಂದ್ರ ಮಗ್ಗಲದಾಗೇ ಐತಿ. ಇನ್ನ ಯಾರನ್ನ ತಂದು ಕೂಡಸ್ತೀರಿ?’

ಇದು ತಿಳಿದವರ ಆಕ್ಷೇಪ, ಹಾಗಾಗಿ ಉತ್ತರವೂ ಉದ್ದವಾಗುತ್ತದೆ. ಈ ಸಂಸ್ಥೆಗಳೆಲ್ಲ ಇರುವುದು ನಿಜ. ಧಾರವಾಡದಿಂದ ಬೇರೆಯಾಗಿ ರಾಯಚೂರು ಕೃಷಿ ವಿಶ್ವವಿದ್ಯಾಲಯವಾಯಿತು. ಅದರ ಕಲಬುರಗಿ ಕೇಂದ್ರದಿಂದಲೇ ಟಿಎಸ್-3ಆರ್, ಜಿಆರ್‌ಜಿ-811ರಂಥ ತೊಗರಿ ತಳಿಗಳು ಬಂದವು. ಅವುಗಳಿಗೆ ನಾವು ಋಣಿಗಳು. ಆದರೆ ಸಂಸ್ಥೆ ಎಂದರೆ ಕಟ್ಟಡ, ಬೋರ್ಡು, ಫಾರಂ. ಹೊಲದೊಳಗೆ ನಡೆಯುವುದು ಕಾಲು. ಪಾಠ, ತರಬೇತಿ, ಸಭೆ, ಮೇಳ, ವರದಿ ಎಂದು ಕಾಯಂ ಇರುವ ಕೆಲವರ ಮೇಲೆ ಬೀಳುವ ಹೊರೆ ನೋಡಿದವರಿಗೆ, ಅವರು ಐದು ಹಂಗಾಮು ಒಂದೇ ಹೊಲಕ್ಕೆ ಹೋಗಿ ಬೇರು ಕೀಳುತ್ತಾರೆಂದು ನಿರೀಕ್ಷಿಸುವುದು ತಪ್ಪು ಅನಿಸುತ್ತದೆ. ಆ ಕೆಲಸ ಎಲ್ಲ ದೇಶಗಳಲ್ಲೂ ಮಾಡುವವರು ಪಿಎಚ್.ಡಿ. ಮಾಡುತ್ತಿರುವವರು ಮತ್ತು ಆಗತಾನೆ ಮುಗಿಸಿದವರು.

ಇನ್ನು ಪಟಾಂಚೆರು. 1972ರಲ್ಲಿ ಹೈದರಾಬಾದಿನ ಹತ್ತಿರದ ಈ ಊರಿಗೆ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಬಂದದ್ದು ನಮ್ಮ ಪುಣ್ಯ. ಅಲ್ಲಿಂದ ಬಂದ ‘ಮಾರುತಿ’ ತೊಗರಿ 1980ರ ದಶಕದ ನಡುವೆ ಕರ್ನಾಟಕದಲ್ಲಿ ಬಿಡುಗಡೆಯಾಗಿ ನೆಟೆ ರೋಗ ತಡೆಯಿತು, ಉತ್ತರ ಕರ್ನಾಟಕದ ಹೊಲ ತುಂಬಿತು. ಆದರೆ ಅದೇ ಮಾರುತಿ ಗೊಡ್ಡು ರೋಗಕ್ಕೆ ಸುಲಭವಾಗಿ ಬಲಿಯಾಗುತ್ತದೆ. ಹೊಸ ತಳಿಗಳಿಗೆ ಗೊಡ್ಡು ರೋಗದ ಪರೀಕ್ಷೆ ಮಾಡುವಾಗ, ‘ರೋಗ ಬಂದೇ ಬರುವ ತಳಿ’ ಎಂದು ಪಕ್ಕದಲ್ಲಿ ಬಿತ್ತುವುದು ಇದನ್ನೇ. ಒಂದು ರೋಗ ಗೆದ್ದ ತಳಿ ಇನ್ನೊಂದಕ್ಕೆ ದಾರಿ ಬಿಟ್ಟಿತು.

ಗೊಡ್ಡು ರೋಗದ ಕಥೆಯನ್ನೇ ಕೇಳಿ. ಗಿಡ ಹಸಿರಾಗಿಯೇ ಇರುತ್ತದೆ, ಎಲೆ ಸಣ್ಣದಾಗಿ ತಿಳಿಹಳದಿ ಮಚ್ಚೆ ಮೂಡುತ್ತದೆ, ಹೂ ಬಿಡುವುದೇ ಇಲ್ಲ. ರೈತನಿಗೆ ಮೊದಮೊದಲು ಸಂತೋಷ, ಗಿಡ ಚಲೋ ಬೆಳೆದಿದೆ ಎಂದು. ಕಾಯಿ ನೋಡಲು ಹೋದಾಗ ಗೊತ್ತಾಗುತ್ತದೆ. ಇದನ್ನು ಬಿಹಾರದ ಪೂಸಾದಲ್ಲಿ ಮೊದಲು ವರದಿ ಮಾಡಿದ್ದು 1931ರಲ್ಲಿ. ಕಣ್ಣಿಗೆ ಕಾಣದ ಒಂದು ನುಸಿ ಇದನ್ನು ಹರಡುತ್ತದೆ ಎಂದು ತಿಳಿದದ್ದು 1960ರ ದಶಕದಲ್ಲಿ. ನುಸಿ ಹೊತ್ತು ತರುವುದು ಏನನ್ನು ಎಂದು ಗೊತ್ತಾಗಲು 2000ದ ಆಸುಪಾಸಿನವರೆಗೆ ಕಾಯಬೇಕಾಯಿತು. ಇಕ್ರಿಸ್ಯಾಟ್ ಮತ್ತು ಸ್ಕಾಟ್ಲೆಂಡಿನ ಬೆಳೆ ಸಂಶೋಧನಾ ಸಂಸ್ಥೆಯವರು ಸೇರಿ ವೈರಸ್ಸನ್ನು ಹಿಡಿದರು. ಸುಮಾರು ಎಪ್ಪತ್ತು ವರ್ಷ. ವೈರಸ್ ಸಿಕ್ಕ ಮೇಲೆ ಇನ್ನೊಂದು ಸಂಗತಿ ಗಟ್ಟಿಯಾಯಿತು: ಅದು ಎಲ್ಲ ಕಡೆ ಒಂದೇ ಅಲ್ಲ. ಪಟಾಂಚೆರುವಿನ ಬಗೆಗಿಂತ ಬೆಂಗಳೂರಿನ ಬಗೆ ತೀವ್ರ. ಅಲ್ಲಿ ನಿಂತ ತಳಿ ಇಲ್ಲಿ ಬೀಳಬಹುದು. ನೆಟೆ ರೋಗದ ಶಿಲೀಂಧ್ರವೂ ಹಾಗೇ, ಸೀಮೆ ಬದಲಾದರೆ ಅದರ ಬಗೆ ಬದಲು.

ಹಾಗಾದರೆ ಶಹಾಪುರದ ಎರಿ ಹೊಲದಲ್ಲಿ ಯಾವ ಬಗೆ ಇದೆ? ಹುಣಸಗಿಯ ಮಸಾರಿಯಲ್ಲಿ? ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದು ಮೂರ್ನಾಲ್ಕು ದಶಕ ತೇವ ಕಂಡ ಮಣ್ಣಿನಲ್ಲಿ ಯಾವುದು ಹೆಚ್ಚಿತು, ಯಾವುದು ಸತ್ತಿತು? ಇದನ್ನು ಪಟಾಂಚೆರುವಿನ ಗಾಜಿನಮನೆಯಲ್ಲಿ ಕೂತು ಹೇಳಲಾಗದು. ಪಕ್ಕದಲ್ಲಿ ದೊಡ್ಡ ಸಂಸ್ಥೆ ಇರುವುದು ನಮ್ಮವರಿಗೆ ಕೆಲಸ ಕೊಡಲು ಇನ್ನಷ್ಟು ಕಾರಣ. ಇಲ್ಲಿ ಮಾದರಿ ಆರಿಸುವವರಿದ್ದರೆ ಅಲ್ಲಿನ ಯಂತ್ರಕ್ಕೆ ತುಂಬಲು ಏನಾದರೂ ಸಿಗುತ್ತದೆ. ತೊಗರಿಯ ಇಡೀ ಜೀನೋಮನ್ನು ಓದಿ ಪ್ರಕಟಿಸಿ ದಶಕ ದಾಟಿದೆ. ಓದಿಟ್ಟ ಆ ಪುಸ್ತಕವನ್ನು ಸುರಪುರದ ಹೊಲದ ಮುಂದೆ ಹಿಡಿದು ನೋಡುವವರು ಬೇಕು.

ಮೆಣಸಿನಕಾಯಿ ಬೆಳೆದವರಿಗೆ ಇಷ್ಟು ಉದ್ದ ಹೇಳುವ ಅಗತ್ಯವಿಲ್ಲ. ಹೂವಿನೊಳಗೆ ಕೂತು ಹೂ ಉದುರಿಸುವ ಕಪ್ಪು ಥ್ರಿಪ್ಸ್ 2021ರಲ್ಲಿ ತೆಲಂಗಾಣ, ಆಂಧ್ರದಿಂದ ನಮ್ಮ ಕಡೆವರೆಗೆ ಬೆಳೆ ಮುಗಿಸಿತಲ್ಲ, ಆ ಪರದೇಶಿ ಹುಳ ಭಾರತದಲ್ಲಿದೆ ಎಂದು ಮೊದಲು ವರದಿಯಾದದ್ದು 2015ರಲ್ಲಿ, ಬೆಂಗಳೂರಿನ ಪರಂಗಿ ಗಿಡದ ಮೇಲೆ. ಆರು ವರ್ಷ ಅದು ಎಲ್ಲಿಗೆ ಹೋಯಿತು, ಯಾವ ಗಿಡದಿಂದ ಯಾವ ಗಿಡಕ್ಕೆ ಹಾರಿತು ಎಂದು ಜಿಲ್ಲೆಗೊಬ್ಬರಾದರೂ ಹಿಂಬಾಲಿಸಿದ್ದರೆ? ರೈತ ಉದುರಿದ ಹೂವನ್ನು ಕವರಿನಲ್ಲಿ ತುಂಬಿಕೊಂಡು ಬೀಜ-ಗೊಬ್ಬರದ ಅಂಗಡಿಗೆ ಹೋದ. ಅಂಗಡಿಯವ ಮೂರು ಔಷಧಿ ಕೂಡಿಸಿ ಕೊಟ್ಟ. ಅವನನ್ನು ಬೈದು ಫಲವಿಲ್ಲ. ಊರಿನಲ್ಲಿ ಬಾಗಿಲು ತೆರೆದಿರುವ ‘ಪ್ರಯೋಗಾಲಯ’ ಅದೊಂದೇ.

‘ಕಂಪನಿಯವರು ಮಾಡ್ತಾರ ಬಿಡ್ರಿ. ಬೀಜ ಅವರದೇ, ಎಣ್ಣಿ ಅವರದೇ.’

ಹತ್ತಿ, ಮೆಣಸಿನಕಾಯಿ, ಗೋವಿನಜೋಳದ ಮಟ್ಟಿಗೆ ನಿಜ. ಪ್ರತಿ ವರ್ಷ ಹೊಸ ಬೀಜ ಕೊಳ್ಳಲೇಬೇಕಾದ ಬೆಳೆಯಲ್ಲಿ ಕಂಪನಿಗೆ ಲಾಭವಿದೆ. ತೊಗರಿಯ ಬೀಜವನ್ನು ರೈತ ಗಡಿಗೆಯಲ್ಲಿ ಎತ್ತಿಡುತ್ತಾನೆ, ಹುರುಳಿ, ಹೆಸರನ್ನೂ ಹಾಗೇ. ಅಲ್ಲಿ ಕಂಪನಿ ಯಾಕೆ ಹಣ ಹಾಕೀತು? ಆ ಹತ್ತಿಯ ಹೈಬ್ರಿಡ್ ಕೂಡ ಕಂಪನಿಯ ಕೂಸಲ್ಲ. ಎರಡು ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ ಕಟಾರಕಿಯವರು ಧಾರವಾಡದ ಸರ್ಕಾರಿ ಹೊಲದಲ್ಲಿ ‘ವರಲಕ್ಷ್ಮಿ’ ತೆಗೆದದ್ದು 1972ರಲ್ಲಿ.

ಹುಲ್ಲಿನಿಂದ ಏನು ಬಂತು ಎನ್ನುವವರಿಗೆ ಚೀನಾದ ಸಂಗತಿಯೊಂದನ್ನು ಹೇಳಬೇಕು. ಯುವಾನ್ ಲಾಂಗ್‌ಪಿಂಗ್ ಹೈಬ್ರಿಡ್ ಭತ್ತ ಮಾಡಲು ವರ್ಷಗಟ್ಟಲೆ ಹೆಣಗಿದರು. ಗಂಡು ಹೂಪುಡಿ ಸತ್ತಿರುವ ಗಿಡವೊಂದು ಬೇಕಿತ್ತು, ಬೆಳೆದ ಭತ್ತದಲ್ಲಿ ಕೆಲಸಕ್ಕೆ ಬರುವಂಥದು ಸಿಗಲಿಲ್ಲ. 1970ರ ನವೆಂಬರಿನಲ್ಲಿ ಹೈನಾನ್ ದ್ವೀಪದ ಒಂದು ಜವುಳು ಹಳ್ಳದಲ್ಲಿ, ಕಳೆಯಂತೆ ಬೆಳೆದಿದ್ದ ಕಾಡುಭತ್ತದ ನಡುವೆ ಅದನ್ನು ಗುರುತಿಸಿದ್ದು ಲಿ ಬಿಹು ಎಂಬ ಅವರ ಕಿರಿಯ ಸಹಾಯಕ. ಚೀನಾದ ಹೈಬ್ರಿಡ್ ಭತ್ತ ಬೆಳೆದದ್ದು ಆ ಗಿಡದಿಂದ. ತೊಗರಿಯ ಕಥೆಯೂ ಬೇರೆಯಲ್ಲ. ಇಕ್ರಿಸ್ಯಾಟಿನ ತೊಗರಿ ಹೈಬ್ರಿಡ್ 2010ರಲ್ಲಿ ರೈತರ ಕೈಗೆ ಬಂದಾಗ ಅದರೊಳಗೆ ಇದ್ದದ್ದು ಪೂರ್ವಘಟ್ಟದ ಸೀಮೆಯ ಒಂದು ಕಾಡುತೊಗರಿಯ ಗುಣ. ಇಂಥ ಹುಲ್ಲು, ಬಳ್ಳಿ ಬೋನಾಳದ ದಂಡೆಯಲ್ಲೂ ಇವೆ ಎಂದು ನಾನು ಮಾತು ಕೊಡುತ್ತಿಲ್ಲ. ನೋಡುವವರನ್ನು ಇಡಿ ಎನ್ನುತ್ತಿದ್ದೇನೆ. ದಂಡೆಯ ಬದಿಗೆ ಪೀಕಜಾಲಿ ಎಷ್ಟು ಮುಂದೆ ಬಂತು, ಹೊಲಗಳಿಂದ ಇಳಿಯುವ ಗೊಬ್ಬರದ ನೀರಿಗೆ ಯಾವ ಜೊಂಡು ಹೆಚ್ಚಿತು, ಅದರಿಂದ ಹಕ್ಕಿಗೆ ಮೇವು ಹೆಚ್ಚಿತೋ ಕಡಿಮೆಯಾಯಿತೋ ಎಂದು ವರ್ಷ ವರ್ಷ ಬರೆದಿಟ್ಟರೂ ಸಾಕು. ಸುರಪುರದ ದೊರೆ ಪಾಮನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ, ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 19ನೆಯದರಲ್ಲಿ ಸುಧಾರಿಸಿದ ಕೆರೆ ಇದು. ಈಗಿನವರು ಬೋಟಿಂಗ್ ಮಾಡಿಸೋಣ ಎನ್ನುತ್ತಿದ್ದಾರೆ. ಮಾಡಿಸಲಿ; ಬೋಟಿನ ತಳಕ್ಕೆ ಸಿಕ್ಕುವ ಗಿಡದ ಹೆಸರಾದರೂ ಒಬ್ಬರಿಗೆ ಗೊತ್ತಿರಲಿ.

ಇನ್ನು ಹಿರಿಯ ಪ್ರಾಧ್ಯಾಪಕರೊಬ್ಬರ ಮಾತು. ‘ನಮ್ಮ ಕಾಲದಲ್ಲಿ ಯಾರು ಕೊಟ್ಟಿದ್ದರು? ಕಷ್ಟದಲ್ಲಿ ಮಾಡಿದೆವು, ಅದಕ್ಕೇ ಗಟ್ಟಿಯಾದೆವು. ಬಿ.ಜಿ.ಎಲ್. ಸ್ವಾಮಿ ನೋಡಿ, ರಾಗಿ ಲಕ್ಷ್ಮಣಯ್ಯ ನೋಡಿ.’

ನೋಡೋಣ. ಸ್ವಾಮಿ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಅವರು ಹಾರ್ವರ್ಡಿಗೆ ಹೋಗಿ ಇರ್ವಿಂಗ್ ಬೈಲಿಯವರ ಜೊತೆ ಕೆಲಸ ಮಾಡಿದ ವರ್ಷಗಳನ್ನು ಬಿಟ್ಟು ಅವರ ಸಸ್ಯವಿಜ್ಞಾನವನ್ನು ಹೇಳಲಾಗದು. ಆ ಗುರುವಿನ ಮೇಲಿನ ಗೌರವಕ್ಕೆ ಒಂದು ಗಿಡಕ್ಕೇ ‘ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ’ ಎಂದು ಹೆಸರಿಟ್ಟರು. ಕಷ್ಟ ಕೊಟ್ಟವರ ಹೆಸರನ್ನು ಯಾವ ಗಿಡಕ್ಕೂ ಇಟ್ಟಂತಿಲ್ಲ. ಲಕ್ಷ್ಮಣಯ್ಯನವರದು ಇನ್ನೂ ಸ್ಪಷ್ಟ. ದೊಡ್ಡ ಹುದ್ದೆ, ದೊಡ್ಡ ಹೆಸರು ಅವರಿಗೆ ಸಿಗಲಿಲ್ಲ, ಅದು ನಮ್ಮ ನಾಚಿಕೆ. ಆದರೆ ಮಂಡ್ಯದ ವಿ.ಸಿ. ಫಾರಂನಲ್ಲಿ ಅವರಿಗೆ ಹೊಲ ಇತ್ತು, ದಶಕಗಳ ಕಾಲ ಒಂದೇ ಜಾಗ ಇತ್ತು. ರಾಗಿಯ ಹೂ ಸಾಸಿವೆಗಿಂತ ದೊಡ್ಡದಲ್ಲ, ತನ್ನ ಹೂಪುಡಿಯಿಂದಲೇ ಕಾಳು ಕಟ್ಟಿಕೊಳ್ಳುತ್ತದೆ. ಅದಕ್ಕೆ ಆಫ್ರಿಕಾದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ತೆಗೆಯಲು ಬೇಕಾದದ್ದು ಬೆಳಗಿನ ಜಾವಗಳು, ಹಂಗಾಮಿನ ಮೇಲೆ ಹಂಗಾಮು. ಆರು ತಿಂಗಳಿಗೊಮ್ಮೆ ಬೇರೆ ಊರಿಗೆ ಬಸ್ ಹತ್ತುವ ಅತಿಥಿ ಉಪನ್ಯಾಸಕನಿಗೆ ಇಂಡಾಫ್ ತೆಗೆಯಲು ಆಗುತ್ತಿತ್ತೇ?

ಕಷ್ಟ ಎಂದರೆ ಎಷ್ಟು ಎಂಬ ಅಂದಾಜೂ ಇರಲಿ. ಎನ್‌ಇಟಿ ಫೆಲೋಶಿಪ್ ಸಿಗದೆ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುವವರಿಗೆ ಯುಜಿಸಿ ಕೊಡುತ್ತಾ ಬಂದದ್ದು ತಿಂಗಳಿಗೆ 8,000 ರೂಪಾಯಿ. ಅದನ್ನೂ ನಿಲ್ಲಿಸಲು ಹೊರಟಾಗ 2015ರ ಅಕ್ಟೋಬರಿನಲ್ಲಿ ದಿಲ್ಲಿಯಲ್ಲಿ ವಿದ್ಯಾರ್ಥಿಗಳು ಯುಜಿಸಿ ಕಚೇರಿಯ ಮುಂದೆ ರಾತ್ರಿ ಹಗಲು ಕೂತರು. 2024-25ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ. 26 ದಿನಕ್ಕೆ 9,074. ಕೂಲಿ ಹೆಚ್ಚಾಯಿತು ಎಂದು ನನ್ನ ದೂರಲ್ಲ, ಅದು ಇನ್ನೂ ಹೆಚ್ಚಲಿ. ಆದರೆ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಸಂಶೋಧಕನಿಗೆ ಅವನ ಅಪ್ಪನ ಕಾಲುವೆ ಕೂಲಿಗಿಂತ ಕಡಿಮೆ ಬರುವಾಗ, ಅಪ್ಪನೇ ಅವನನ್ನು ಕೇಳುವ ಪ್ರಶ್ನೆಗೆ ಉತ್ತರವಿರುವುದಿಲ್ಲ. ಕಷ್ಟಪಟ್ಟು ಗೆದ್ದವರು ಈಗ ವೇದಿಕೆಯ ಮೇಲಿದ್ದಾರೆ, ಅವರ ಮಾತು ನಮಗೆ ಕೇಳಿಸುತ್ತದೆ. ಅಷ್ಟೇ ಬುದ್ಧಿಯಿದ್ದೂ ನಡುವೆ ಬಿಟ್ಟವರು ಕ್ರಿಮಿನಾಶಕ ಕಂಪನಿಯ ಬೈಕಿನಲ್ಲಿ ಹಳ್ಳಿ ತಿರುಗುತ್ತಿದ್ದಾರೆ, ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಾರೆ. ಅವರನ್ನು ಯಾರೂ ಭಾಷಣಕ್ಕೆ ಕರೆಯುವುದಿಲ್ಲ.

‘ಪಿಎಚ್.ಡಿ. ಆದವರು ರಗಡ ಆಗ್ಯಾರ. ನೌಕರಿನೇ ಇಲ್ಲ, ಇನ್ನೊಂದಿಷ್ಟು ಮಂದೀನ ತಯಾರ ಮಾಡಿ ಏನ್ ಮಾಡ್ತೀರಿ?’

ನಾನು ತಯಾರು ಮಾಡಿ ಎನ್ನಲಿಲ್ಲ, ತಯಾರಾದವರನ್ನು ಉಳಿಸಿಕೊಳ್ಳಿ ಎಂದೆ. ಹುದ್ದೆ ಇಲ್ಲವೆಂಬುದೂ ಅರ್ಧ ಸತ್ಯ. ಕೃಷಿ ವಿಶ್ವವಿದ್ಯಾಲಯಗಳಲ್ಲಿ, ಪದವಿ ಕಾಲೇಜುಗಳಲ್ಲಿ ಮಂಜೂರಾದ ಹುದ್ದೆಗಳು ಖಾಲಿ ಬಿದ್ದಿವೆ, ಅವುಗಳ ಕೆಲಸವನ್ನು ಅತಿಥಿ ಉಪನ್ಯಾಸಕರು ಮಾಡುತ್ತಿದ್ದಾರೆ. ಅವರ ಗೌರವಧನ 2022ರಲ್ಲಿ ಗರಿಷ್ಠ 32,000 ಆದದ್ದು ಬೀದಿಗಿಳಿದ ಮೇಲೆ. ಕೇಂದ್ರದ ಅನುಸಂಧಾನ ಪ್ರತಿಷ್ಠಾನ ಶುರು ಮಾಡಿದ ‘ಪ್ರಧಾನಮಂತ್ರಿ ಆರಂಭಿಕ ಸಂಶೋಧಕ ಅನುದಾನ’ ಮೂರು ವರ್ಷಕ್ಕೆ 60 ಲಕ್ಷದವರೆಗೆ ಕೊಡುತ್ತದೆ. ಚಲೋ ಯೋಜನೆ. ಆದರೆ ಅರ್ಜಿ ಹಾಕಲು ಮೊದಲೇ ಕಾಯಂ ಹುದ್ದೆ ಇರಬೇಕು. ಪೋಸ್ಟ್ ಡಾಕ್ಟೊರಲ್ ಫೆಲೋಶಿಪ್ಪಿಗೆ ಎರಡೇ ವರ್ಷ, ಸಾಮಾನ್ಯವಾಗಿ 35ರ ವಯೋಮಿತಿ. ಹಳ್ಳಿಯ ಶಾಲೆಯಿಂದ ಬಂದು, ನಡುವೆ ಒಂದೆರಡು ವರ್ಷ ದುಡಿದು, ಪಿಎಚ್.ಡಿ. ಮುಗಿಸುವ ಹೊತ್ತಿಗೆ ಎಷ್ಟೋ ಜನರಿಗೆ ಮೂವತ್ತೆರಡಾಗಿರುತ್ತದೆ. ಹೆಣ್ಣುಮಕ್ಕಳಾದರೆ ಅದೇ ವರ್ಷಗಳಲ್ಲಿ ಮದುವೆ, ಬಾಣಂತನ. ಬಾಗಿಲು ಇವೆ, ಆದರೆ ನಮ್ಮವರು ಬಂದು ತಲುಪುವ ಹೊತ್ತಿಗೆ ಮುಚ್ಚುತ್ತವೆ. ಜಿಲ್ಲೆಯ ಯೋಜನೆಗೆ ವಯೋಮಿತಿ ಬೇಡ, ಪಿಎಚ್.ಡಿ. ಮುಗಿದು ಎಷ್ಟು ವರ್ಷವಾಯಿತು ಎಂಬುದನ್ನಷ್ಟೇ ನೋಡಿ, ಬಾಣಂತನದ ಕಾಲವನ್ನು ಅದರಿಂದ ಕಳೆಯಿರಿ ಎಂದದ್ದು ಅದಕ್ಕೆ.

‘ಅವರು ಬೆಂಗಳೂರಿಗೆ, ಅಮೆರಿಕಾಕ್ಕ ಹೋಗ್ತಾರ’ ಎಂಬ ಮಾತಿಗೆ ಹೆಚ್ಚು ಜಾಗ ಕೊಡಲಾರೆ. ಈಗಲೂ ಹೋಗುತ್ತಿದ್ದಾರೆ, ಏನೂ ಕೊಡದೆಯೇ. ಹೋಗುವವರ ಜೊತೆ ಬರುವವರೂ ಇರುತ್ತಾರೆ ಎಂಬುದಕ್ಕೆ ಸಾಕ್ಷಿ ನಮ್ಮ ತಾಲ್ಲೂಕಿನಲ್ಲೇ ಇದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಪಿಎಚ್.ಡಿ. ಮಾಡುವ ಹುಡುಗನಾಗಿದ್ದಾಗ ಸುರಪುರದ ದೋಆಬಿಗೆ ಬಂದವರು. ಆಮೇಲೆ ದಶಕಗಳ ಕಾಲ ಹುಣಸಗಿ, ಬೈಚಬಾಳ ಕಣಿವೆಗಳಿಗೆ ಮತ್ತೆ ಮತ್ತೆ ಬಂದರು. ಇಸಾಂಪುರದ ಕಲ್ಲಿನ ಕಾರ್ಖಾನೆ ಸುಮಾರು 12 ಲಕ್ಷ ವರ್ಷ ಹಳೆಯದೆಂದು ಜಗತ್ತಿಗೆ ತಿಳಿದದ್ದು ಹೀಗೆ ಬಿಡದೆ ಬಂದದ್ದರಿಂದ. ಅವರದು ಸಸ್ಯವಿಜ್ಞಾನವಲ್ಲ, ಪುರಾತತ್ವ. ಆದರೆ ಒಬ್ಬ ತರುಣನಿಗೆ ಶುರುವಿನಲ್ಲೇ ಒಂದು ನೆಲ ಹಿಡಿಸಿದರೆ ಅವನು ಅದನ್ನು ಬಿಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಎಲ್ಲಕ್ಕಿಂತ ಬಲವಾದ ಆಕ್ಷೇಪವನ್ನು ಒಬ್ಬ ರೈತ ಎತ್ತಿದ. ‘ರೊಕ್ಕ ನುಂಗತಾರ್ರಿ. ಸುಳ್ಳ ಪುಸ್ತಕ ಬರೀತಾರ, ಗುರುಗಳ ಮನಿ ಬಾಜಿ ತರ್ತಾರ, ಐದು ವರ್ಷ ಆಗ್ಹೋಗ್ತದ.’

ಇದನ್ನು ನಾನು ಅಲ್ಲಗಳೆಯಲಾರೆ. ರೊಕ್ಕ ಕೊಟ್ಟರೆ ಅಚ್ಚು ಹಾಕುವ ಪತ್ರಿಕೆಗಳು ದೇಶದಲ್ಲಿ ಎಷ್ಟಾದವೆಂದರೆ, ಯುಜಿಸಿ 2018ರಲ್ಲಿ ಒಪ್ಪಿಗೆಯ ಪತ್ರಿಕೆಗಳ ಪಟ್ಟಿ ಮಾಡಲು ಹೊರಟು, 2025ರಲ್ಲಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಗೈಡಿನ ಮನೆಯ ಬಾಜಿ ತಂದವರ, ಅವರ ಮಗನ ಹೋಂವರ್ಕ್ ಮಾಡಿಸಿದವರ ಕಥೆಗಳನ್ನು ನಾನೂ ಕೇಳಿದ್ದೇನೆ. ಹಾಗಾಗಿ ನನ್ನ ಮೊದಲ ಬರಹದಲ್ಲಿ ಇಲ್ಲದ ಕೆಲವು ಷರತ್ತುಗಳನ್ನು ಈ ರೈತನ ಲೆಕ್ಕಕ್ಕೆ ಸೇರಿಸುತ್ತೇನೆ. ಹಣ ಸಂಶೋಧಕರ ಖಾತೆಗೆ ನೇರ ಹೋಗಲಿ, ಪ್ರತಿ ತಿಂಗಳು ಹೋಗಲಿ. ಫೆಲೋಶಿಪ್ ಆರು ತಿಂಗಳಿಗೊಮ್ಮೆ ಬಂದರೆ ನಡುವಿನ ಐದು ತಿಂಗಳು ಅವನು ಯಾರದೋ ಹಂಗಿನಲ್ಲಿರುತ್ತಾನೆ, ಬಾಜಿ ತರುವುದು ಅಲ್ಲಿಂದಲೇ ಶುರು. ಆಯ್ಕೆ ಸಮಿತಿಯಲ್ಲಿ ಜಿಲ್ಲೆಯ ರಾಜಕಾರಣಿಗಳು ಬೇಡ, ಹೊರಗಿನ ವಿಜ್ಞಾನಿಗಳಿರಲಿ, ಇಬ್ಬರು ರೈತರೂ ಇರಲಿ. ಲೇಖನಗಳ ಸಂಖ್ಯೆ ಕೇಳಬೇಡಿ. ಒತ್ತಿ ಒಣಗಿಸಿ ಇಟ್ಟ ಗಿಡದ ಮಾದರಿಗಳೆಷ್ಟು, ಭೀಮರಾಯನಗುಡಿಗೆ ಒಪ್ಪಿಸಿದ ಬೀಜವೆಷ್ಟು, ಯಾವ ಹೊಲದ ಎಷ್ಟು ಹಂಗಾಮಿನ ಲೆಕ್ಕ ಬರೆದಿದ್ದಾರೆ ಎಂದು ಕೇಳಿ. ವರ್ಷಕ್ಕೊಮ್ಮೆ ಕವಡಿಮಟ್ಟಿಯಲ್ಲಿ ರೈತರ ಮುಂದೆ ನಿಂತು ಕನ್ನಡದಲ್ಲಿ ಹೇಳಲಿ. ಗೊತ್ತಾಗಲಿಲ್ಲ ಎಂದು ಹೇಳಿದರೂ ನಡೆಯುತ್ತದೆ, ಯಾಕೆ ಗೊತ್ತಾಗಲಿಲ್ಲ ಎಂಬುದನ್ನು ಹೇಳಲಿ. ಎರಡನೆಯ ವರ್ಷದ ಕೊನೆಗೆ ಕೆಲಸ ಕಾಣದಿದ್ದರೆ ನಿಲ್ಲಿಸಿ. ಕಾಲುವೆಯ ಕಾಮಗಾರಿಯಲ್ಲಿ ದುಡ್ಡು ಸೋರಿತೆಂದು ಯಾರೂ ನೀರಾವರಿಯೇ ಬೇಡ ಎನ್ನಲಿಲ್ಲ. ಸೋರುವ ಜಾಗ ಹುಡುಕಿ ಎಂದರು.

ಒಬ್ಬರು ಮಾತ್ರ ತತ್ವದ ಮಾತೇ ಎತ್ತಲಿಲ್ಲ. ಯೋಜನೆಯನ್ನು ಪೂರ್ತಿ ಕೇಳಿ, ಚಹಾ ಕುಡಿದು, ‘ನಿಮ್ಮ ಮಗಳೂ ಬಾಟನಿ ಓದ್ಯಾಳಂತಲ್ರಿ?’ ಎಂದರು. ಓದಿದ್ದಾಳೆ, ಎಂ.ಎಸ್ಸಿ.ವರೆಗೆ. ಈಗ ಬ್ಯಾಂಕಿನಲ್ಲಿದ್ದಾಳೆ, ಪಿಎಚ್.ಡಿ. ಮಾಡಿಲ್ಲ, ಹಾಗಾಗಿ ಅರ್ಜಿ ಹಾಕಲು ಅರ್ಹತೆಯೇ ಇಲ್ಲ. ಯಾಕೆ ಮಾಡಲಿಲ್ಲ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಅವಳು ಆಗ ನನಗೆ ಕೊಟ್ಟ ಉತ್ತರವನ್ನೇ ಕೊಡುತ್ತಿದ್ದೆ: ಬ್ಯಾಂಕಿನವರು ಪಗಾರವನ್ನು ತಿಂಗಳ ಕೊನೆಗೆ ಹಾಕುತ್ತಾರೆ.